ಟ್ವೀಟರಿಗೆ ಬಂದ ಅಪವಾದ

ನಾನು ಹಾಡಿದವಳಲ್ಲ, ಅರ್ಥ ಹೇಳಿದವಳಲ್ಲ, ಮದ್ದಳೆ ಮುಟ್ಟಿದವಳೂ ಅಲ್ಲ. ಆದರೂ ನಮ್ಮ ಕಡೆ ಎಲ್ಲಿ ತಾಳಮದ್ದಳೆ ಕೂಟವಿದ್ದರೂ ಮುಂದಿನ ಸಾಲಿನಲ್ಲಿ ನನಗೊಂದು ಕುರ್ಚಿ ಇರುತ್ತದೆ. ವೇಷವಿಲ್ಲದೆ, ಕುಣಿತವಿಲ್ಲದೆ, ಯಕ್ಷಗಾನದ ಪದ ಮತ್ತು ಮಾತಿನ ಬಲದಲ್ಲೇ ನಡೆಯುವ ಕಲೆ ಅದು. ಕೇಳಲು ಕಿವಿ ಬೇಕು. ಆ ಕಿವಿ ನನಗಿದೆಯೆಂದು ನಾನು ನಂಬಿದ್ದೆ, ಬೆಳ್ಳಾರೆಯ ನಮ್ಮ ಮಹಿಳಾ ಸಂಘವನ್ನೂ ನಂಬಿಸಿದ್ದೆ. ಕೂಟದಲ್ಲಿ ನನ್ನ ಕೆಲಸ ತಲೆಯಾಡಿಸುವುದು ಮಾತ್ರ. ಮೇಲೆ ಕೆಳಗೆ ಆಡಿತೆಂದರೆ ಪದ ಪಾಸು, ಅಡ್ಡಡ್ಡ ಆಡಿತೆಂದರೆ ತಾಳ ತಪ್ಪಿದೆ ಎಂದರ್ಥ. ನಮ್ಮ ಸಂಘದ ಭಾಗವತೆ, ಪಾಪ, ಚಿಕ್ಕ ವಯಸ್ಸಿನವಳು, ಪುಸ್ತಕಕ್ಕಿಂತ ಹೆಚ್ಚು ನನ್ನ ತಲೆಯನ್ನೇ ನೋಡಿಕೊಂಡು ಹಾಡುತ್ತಿದ್ದಳು. ಆ ತಲೆಯ ವಿಷಯ ಈಗ ಬರೆಯಲು ನಾಚಿಕೆಯಾಗುತ್ತದೆ. ಬರೆಯದಿದ್ದರೆ ಇನ್ನೂ ಹೆಚ್ಚು ನಾಚಿಕೆಯಾದೀತು ಎಂದು ಬರೆಯುತ್ತಿದ್ದೇನೆ.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದ ಮೇಲೆ ಡ್ರೈವಿಂಗ್ ಕಲಿತು ಒಂದು ಸೆಕೆಂಡ್ ಹ್ಯಾಂಡ್ ಕಾರು ತೆಗೆದುಕೊಂಡೆ. ಕೂಟಗಳಿಗೆ ಹೋಗಲೆಂದೇ ತೆಗೆದುಕೊಂಡದ್ದು. ನಾನು, ಸಂಘದ ಅಧ್ಯಕ್ಷೆ ಸರೋಜಕ್ಕ, ಭಾಗವತೆ, ಹಿಂದಿನ ಸೀಟಿನಲ್ಲಿ ಮದ್ದಳೆಯ ಜೊತೆ ನನ್ನ ಯಜಮಾನರು. ದಾರಿಯುದ್ದಕ್ಕೂ ಹಳೆಯ ಕೂಟಗಳ ರೆಕಾರ್ಡಿಂಗ್ ಹಾಕಿಕೊಂಡು ಹೋಗುವುದು. ಆದರೆ ಕಾರಿನೊಂದಿಗೆ ಬಂದ ಸ್ಪೀಕರುಗಳಲ್ಲಿ ಭಾಗವತರ ಸ್ವರ ಕಂಬಳಿ ಹೊದ್ದುಕೊಂಡು ಬರುತ್ತಿತ್ತು. ಚೆಂಡೆ ಕೇಳುತ್ತಿತ್ತು, ಅದರ ಬೆನ್ನಿಗೆ ಝಣಝಣ ಎನ್ನಬೇಕಾದ ಕಂಚಿನ ಚಕ್ರತಾಳ ಮಾತ್ರ ಎಲ್ಲಿಯೂ ಇಲ್ಲ. ಚಕ್ರತಾಳವಿಲ್ಲದ ಚೆಂಡೆ ಒಗ್ಗರಣೆಯಿಲ್ಲದ ಸಾರಿನ ಹಾಗೆ. ಹೊಸ ಸ್ಪೀಕರ್ ಹಾಕಿಸುವುದೆಂದು ತೀರ್ಮಾನ ಮಾಡಿದೆ.

ಮೇಷ್ಟ್ರಾದವರಿಗೆ ಒಂದು ಪೀಡೆಯಿದೆ, ಏನು ಮಾಡಬೇಕಾದರೂ ಮೊದಲು ಪಾಠ ತಯಾರಿ ಆಗಬೇಕು. ಒಂದು ತಿಂಗಳು ಫೋನಿನಲ್ಲಿ ವಿಡಿಯೋ ನೋಡಿ ನೂರು ಪುಟದ ನೋಟ್‌ಬುಕ್ಕಿನಲ್ಲಿ ಟಿಪ್ಪಣಿ ಬರೆದೆ. ದಪ್ಪ ಸ್ವರವೂ ಸಣ್ಣ ಸ್ವರವೂ ಒಂದೇ ಬುಟ್ಟಿಯೊಳಗೆ ಕುಳಿತದ್ದು ಕೋಯಾಕ್ಸಿಯಲ್. ಬೇರೆ ಬೇರೆ ಮನೆ ಮಾಡಿಕೊಂಡದ್ದು ಕಾಂಪೊನೆಂಟ್. ಆಂಪ್ಲಿಫೈಯರಿಗೆ ಎಷ್ಟು ಚಾನೆಲ್, ಎಷ್ಟು ವಾಟ್ಸ್, ಎಲ್ಲದಕ್ಕೂ ಕೆಂಪು ಶಾಯಿಯಲ್ಲಿ ಅಡಿಗೆರೆ. ಆಮೇಲೆ ಪುತ್ತೂರಿನಲ್ಲಿ ರಫೀಕನ ಅಂಗಡಿಗೆ ಹೋದೆ. ರಫೀಕ್ ನನ್ನ ಹಳೆಯ ವಿದ್ಯಾರ್ಥಿ. ಹತ್ತು ವರ್ಷ ದುಬಾಯಿಯಲ್ಲಿ ಕಾರುಗಳಿಗೆ ಸೌಂಡ್ ಸಿಸ್ಟಮ್ ಕೂರಿಸಿ, ಬಂದು ಇಲ್ಲಿ ಸ್ವಂತ ಅಂಗಡಿ ಹಾಕಿದವನು. ದಪ್ಪ ಕನ್ನಡಕ, ಮೆತ್ತಗಿನ ಮಾತು.

"ಟೀಚರೇ, ನಿಮಗೆ ಢಂ ಢಂ ಬೇಕಾ, ಪದ ಕೇಳ್ಬೇಕಾ?" ಎಂದು ಕೇಳಿದ.

"ಪದ. ಮತ್ತೆ ಚಕ್ರತಾಳ."

"ಹಾಗಾದ್ರೆ ಡಿಕ್ಕಿಗೆ ಪೆಟ್ಟಿಗೆ ಎಂತದೂ ಬೇಡ. ಮುಂದಿನ ಬಾಗಿಲಿಗೆ ಒಂದು ಒಳ್ಳೆ ಜೋಡಿ ಕಾಂಪೊನೆಂಟ್ ಹಾಕುವ. ಸಣ್ಣ ಸ್ವರದ ಟ್ವೀಟರ್ ಕನ್ನಡಿ ಹತ್ರ, ಕಿವಿಗೆ ನೇರ ಬರ್ತದೆ. ಸೀಟಿನಡಿಗೆ ನಾಲ್ಕು ಚಾನೆಲಿನ ಸಣ್ಣ ಆಂಪ್ಲಿಫೈಯರ್ ಸಾಕು."

ನನ್ನ ಕಣ್ಣು ಶೆಲ್ಫಿನ ಮೇಲಿದ್ದ, ದೊಡ್ಡ ಅಕ್ಷರದಲ್ಲಿ ಸಾವಿರ ವಾಟ್ಸ್ ಎಂದು ಬರೆದ ಪೆಟ್ಟಿಗೆಯ ಮೇಲೆ. ರಫೀಕ್ ನಕ್ಕ. "ಅದು ಮದುವೆ ದಿವಸದ ಮದುಮಗ ಟೀಚರೇ. ಕೆಳಗೆ ಸಣ್ಣಕ್ಕೆ ಆರ್‌ಎಮ್‌ಎಸ್ ಅಂತ ಬರ್ದಿರ್ತದೆ ನೋಡಿ, ಅದು ದಿನಾ ಮನೆಯಲ್ಲಿರುವ ಗಂಡ. ಅದನ್ನು ನೋಡಿ ತಗೊಳ್ಳಿ."

ನನ್ನ ಯಜಮಾನರು ಗಟ್ಟಿಯಾಗಿ ನಕ್ಕರು. ಇತ್ತೀಚೆಗೆ ಅವರು ಎಲ್ಲವನ್ನೂ ಗಟ್ಟಿಯಾಗಿಯೇ ಮಾಡುತ್ತಾರೆ. ಅದಕ್ಕೂ ಮೊದಲು ಒಂದೆರಡು ವರ್ಷ ಬಾಯೊಳಗೇ ಗೊಣಗುತ್ತಿದ್ದರು. ವಯಸ್ಸಾದ ಹಾಗೆ ಗಂಡಸರ ಸ್ವರ ಹೀಗೆ ಏರುಪೇರಾಗುತ್ತದೆ ಎಂದುಕೊಂಡಿದ್ದೆ.

ಸಂಜೆಯೊಳಗೆ ರಫೀಕ್ ಎಲ್ಲ ಕೂರಿಸಿಕೊಟ್ಟ. ರೆಕಾರ್ಡಿಂಗ್ ಹಾಕಿದರೆ ಸ್ವರ ಕಂಬಳಿಯಿಂದ ಹೊರಗೆ ಬಂದಿತ್ತು, ಚೆಂಡೆ ಎದೆಗೆ ತಟ್ಟುತ್ತಿತ್ತು. ಆದರೆ ಚಕ್ರತಾಳವಿಲ್ಲ. ವಾರ ಬಿಟ್ಟು ತಿರುಗಿ ಹೋದೆ. ರಫೀಕ್ ಕಾರಿನೊಳಗೆ ಕುಳಿತು ಸ್ವಲ್ಪ ಹೊತ್ತು ಕೇಳಿದ. ನನ್ನನ್ನೊಮ್ಮೆ ನೋಡಿದ. ಮತ್ತೆ ಟ್ವೀಟರಿನತ್ತ ಕೈ ಮಾಡಿ, "ಇದು ಇದರದ್ದೇ ತಪ್ಪು ಟೀಚರೇ, ಬೇರೆ ಹಾಕಿ ಕೊಡ್ತೇನೆ," ಎಂದ. ಹಾಕಿದ. ಬರಲಿಲ್ಲ. ಇನ್ನೊಂದು ಜೋಡಿ ಹಾಕಿದ, ಅದಕ್ಕಿಂತ ಮೇಲಿನದು. ಆಗಲೂ ಬರಲಿಲ್ಲ. ಒಂದಕ್ಕೂ ದುಡ್ಡು ಮುಟ್ಟಲಿಲ್ಲ. ಮೂರನೆಯ ಸಲ ನಾನು ಸೀಟಿನಲ್ಲಿ ಕುಳಿತು "ಇನ್ನೂ ಏರಿಸು, ಇನ್ನೂ ಸ್ವಲ್ಪ" ಎನ್ನುತ್ತ ಹೋದೆ, ಅವನು ಸಣ್ಣ ಸ್ವರವನ್ನು ಏರಿಸುತ್ತ ಹೋದ. ಕೊನೆಗೆ ದೂರದಲ್ಲೆಲ್ಲೋ ಝಣ್ ಎಂದಂತಾಯಿತು. "ಈಗ ಸರಿ," ಎಂದೆ. ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ಹೊರಗೆ ಹೋಗಿ ನಿಂತದ್ದನ್ನು ನೋಡಿದ್ದೆ. ಅಂಗಡಿಯೊಳಗೆ ಸೆಕೆ ಎಂದುಕೊಂಡೆ.

ಇಲ್ಲಿಯವರೆಗಿನದು ಬರೇ ಮೂರ್ಖತನ. ನಾಚಿಕೆಗೇಡಿನ ಭಾಗ ಇನ್ನು ಮುಂದೆ.

ಸಂಘದ ಅಭ್ಯಾಸದ ದಿನ ಸರೋಜಕ್ಕ ಕೇಳಿದರು, "ನನ್ನ ಅಳಿಯನಿಗೂ ಕಾರಿಗೆ ಸ್ಪೀಕರ್ ಹಾಕಿಸ್ಲಿಕ್ಕುಂಟಂತೆ, ರಫೀಕನತ್ರ ಹಾಕಿಸ್ಬಹುದಾ?" ನಾನು ಏನು ಹೇಳಿದೆ ಕೇಳಿ. "ಹುಡುಗ ನನ್ನ ಶಿಷ್ಯನೇ. ಆದರೆ ಮಾಲು ಡೂಪ್ಲಿಕೇಟ್. ಎರಡು ಸಲ ಬದಲಿಸಬೇಕಾಯ್ತು." ಆ ‘ಶಿಷ್ಯನೇ, ಆದರೆ’ ಎನ್ನುವುದಿದೆಯಲ್ಲ, ಚಾಕುವಿಗೆ ಹಿಡಿ ಹಾಕಿದ ಹಾಗೆ. ಸ್ವಂತ ಟೀಚರೇ ಹೀಗೆ ಹೇಳಬೇಕಾದರೆ ಹೇಗಿರಬೇಡ ಎಂದು ಜನ ನಂಬಿದರು. ಅಳಿಯ ಮಂಗಳೂರಿಗೆ ಹೋದ. ಸಂಘದ ಇನ್ನೆರಡು ಮನೆಯ ಕಾರುಗಳೂ ಅವನ ಹಿಂದೆಯೇ ಹೋದವು. ಕುಣಿಯಲಾರದವಳು ನೆಲ ಡೊಂಕು ಎಂದಳು ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದು ಮೂವತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಕೊಟ್ಟವಳು ನಾನು. ಐದು ಅಂಕ.

ಇನ್ನೊಂದನ್ನೂ ಒಪ್ಪಿಕೊಂಡುಬಿಡುತ್ತೇನೆ. ಅದೇ ದಿನಗಳಲ್ಲಿ ಪತ್ರಿಕೆಯ ಓದುಗರ ಅಂಕಣಕ್ಕೆ ಒಂದು ಪತ್ರ ಬರೆದಿದ್ದೆ. ನಮ್ಮ ಕಾಡುಗಳಲ್ಲಿ ಜೀರುಂಡೆಗಳ ಸದ್ದು ಅಡಗಿಹೋಗಿದೆ, ಇದು ಪ್ರಕೃತಿಯ ಎಚ್ಚರಿಕೆ, ಸರಕಾರ ಕಣ್ಣು ತೆರೆಯಬೇಕು ಎಂದು. ಅಚ್ಚಾಯಿತು. ಕತ್ತರಿಸಿ ಫೈಲಿನಲ್ಲಿಟ್ಟಿದ್ದೇನೆ.

ಹೊಸ ಟ್ವೀಟರ್ ಬಂದ ಮೇಲೆ ಕಾರಿನಲ್ಲಿ ಜನ ಕಡಿಮೆಯಾದರು. ಭಾಗವತೆಗೆ ಬಸ್ಸಿನಲ್ಲಿ ಗಾಳಿ ಚೆನ್ನಾಗಿ ಬರುತ್ತದಂತೆ. ಯಜಮಾನರು ಕಿವಿಗೆ ಹತ್ತಿ ಇಟ್ಟುಕೊಳ್ಳತೊಡಗಿದರು, ಶೀತವಂತೆ. ಸರೋಜಕ್ಕನೊಬ್ಬರು ದಾಕ್ಷಿಣ್ಯಕ್ಕೆ ಸಿಕ್ಕಿ ಜೊತೆಗಿದ್ದರು. ಶಿರಾಡಿಯ ಕಡೆಗೊಂದು ಕೂಟಕ್ಕೆ ಹೋಗುವಾಗ ಗುಂಡ್ಯದಲ್ಲಿ ಚಾ ಕುಡಿಯಲು ನಿಲ್ಲಿಸಿದೆವು. ಸಂಜೆ ಐದು ಗಂಟೆ. ಕಾರಿನಿಂದ ಇಳಿದದ್ದೇ ಸರೋಜಕ್ಕ ಎರಡೂ ಕಿವಿ ಮುಚ್ಚಿಕೊಂಡರು.

"ಎಂತ ಜೀರುಂಡೆ ಮಾರಾಯ್ತಿ, ಕಿವಿ ತೂತಾಗ್ತದೆ," ಎಂದರು.

ನಾನು ಕಾಡಿನತ್ತ ನೋಡಿದೆ. ಲಾರಿಗಳ ಸದ್ದು ಕೇಳಿತು, ಚಾ ಸೋಸುವವನು ಪಾತ್ರೆ ಕುಕ್ಕಿದ್ದು ಕೇಳಿತು. ಕಾಡು ಮೌನವಾಗಿತ್ತು.

"ಎಲ್ಲಿ?" ಎಂದು ಕೇಳಿದೆ.

ಸರೋಜಕ್ಕ ಕೈ ಕೆಳಗಿಳಿಸಿ ನನ್ನ ಮುಖ ನೋಡಿದರು. ಯಜಮಾನರು ಚಾ ಗ್ಲಾಸಿನೊಳಗೆ ನೋಡಿದರು. ಆ ಕ್ಷಣಕ್ಕೆ ನನಗೆ ಎಲ್ಲ ಗೊತ್ತಾಯಿತು. ಕಾರಿಗೆ ಬಂದು ಕುಳಿತು ಯಜಮಾನರನ್ನು ಕೇಳಿದೆ, "ನಿಮಗೆ ಗೊತ್ತಿತ್ತಾ? ಮತ್ತೆ ಯಾಕೆ ಹೇಳ್ಲಿಲ್ಲ?"

"ನಾಲ್ಕು ಸಲ ಹೇಳಿದ್ದೇನೆ. ನಿನಗೆ ಕೇಳ್ಲಿಲ್ಲ," ಎಂದರು. ತಮಾಷೆಗಲ್ಲ, ನಿಜವಾಗಿಯೇ ಹೇಳಿದ್ದರಂತೆ.

ಮರುವಾರ ಪುತ್ತೂರಿನ ಕಿವಿಯ ಡಾಕ್ಟರು ಪರೀಕ್ಷೆ ಮಾಡಿದರು. ಗಾಜಿನ ಕೋಣೆಯಲ್ಲಿ ಕುಳ್ಳಿರಿಸಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಬೇಕು ಎಂದರು. ಮೊದಲು ಜಾಣ ವಿದ್ಯಾರ್ಥಿನಿಯ ಹಾಗೆ ಟಕಟಕ ಒತ್ತಿದೆ. ಮತ್ತೆ ಬಹಳ ಹೊತ್ತು ಒತ್ತಲು ಏನೂ ಇರಲಿಲ್ಲ. ಪರೀಕ್ಷೆ ಮುಗಿದಿರಬೇಕೆಂದು ಎದ್ದು ಹೊರಗೆ ಬಂದರೆ, "ಇನ್ನೂ ಸದ್ದು ಬರ್ತಾ ಉಂಟು ಟೀಚರ್, ಕೂತ್ಕೊಳ್ಳಿ," ಎಂದಳು ಯಂತ್ರದ ಮುಂದಿದ್ದ ಹುಡುಗಿ. ದಪ್ಪ ಸ್ವರ ಕೇಳುತ್ತದೆ, ಸಣ್ಣ ಸ್ವರ ಹೋಗಿದೆ, ವಯಸ್ಸಿನಿಂದ ಆದದ್ದು, ಕಿವಿಗೆ ಯಂತ್ರ ಹಾಕಿಕೊಳ್ಳಬೇಕು ಎಂದು ಡಾಕ್ಟರು ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು. ಗೆರೆ ಸುಮಾರು ದೂರ ನೆಟ್ಟಗೆ ಹೋಗಿ ಒಮ್ಮೆಲೇ ಕೆಳಗೆ ಇಳಿದಿತ್ತು.

ಅಲ್ಲಿಂದ ರಫೀಕನ ಅಂಗಡಿ ಹತ್ತು ಹೆಜ್ಜೆ. ಆ ಹತ್ತು ಹೆಜ್ಜೆ ನಡೆಯಲು ನನಗೆ ಮೂರು ದಿನ ಬೇಕಾಯಿತು. ಹೋಗಿ ಕಾಗದ ಅವನ ಮುಂದೆ ಇಟ್ಟೆ.

"ನಿನಗೆ ಮೊದಲ ದಿನವೇ ಗೊತ್ತಾಗಿತ್ತಾ?"

"ಎರಡನೇ ಸಲ ಬಂದಾಗ," ಎಂದ. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸತೊಡಗಿದ.

"ಮತ್ತೆ ಟ್ವೀಟರಿನ ತಪ್ಪು ಅಂತ ಯಾಕೆ ಹೇಳಿದ್ದು ಮಾರಾಯ? ನಾನು ಊರಿಡೀ ನಿನ್ನ ಮಾಲು ಡೂಪ್ಲಿಕೇಟ್ ಅಂತ ಹೇಳಿಕೊಂಡು ಬಂದೆ."

"ಗೊತ್ತುಂಟು ಟೀಚರೇ. ಸರೋಜಕ್ಕನ ಅಳಿಯ ಫೋನ್ ಮಾಡಿದ್ರು." ಕನ್ನಡಕ ತಿರುಗಿ ಹಾಕಿಕೊಂಡ. "ಎಂಟನೇ ಕ್ಲಾಸಲ್ಲಿ ನಾನು ಹಿಂದಿನ ಬೆಂಚಲ್ಲಿ ಕೂತು ಬೋರ್ಡಿಂದ ಎಲ್ಲ ತಪ್ಪು ತಪ್ಪು ಬರೀತಿದ್ದೆ. ಮಕ್ಕಳು ನಗಾಡ್ತಿದ್ರು. ನೀವು ಒಂದು ದಿವಸ ಎಂತ ಹೇಳಿದ್ರಿ ಹೇಳಿ? ಈ ಬೋರ್ಡಿಗೆ ಬೆಳಕು ಹೊಡೀತದೆ, ಹಿಂದೆ ಕೂತವರಿಗೆ ಕಾಣುದಿಲ್ಲ, ತಪ್ಪು ಬೋರ್ಡಿನದ್ದು ಅಂತ. ನನ್ನನ್ನು ಮುಂದೆ ಕೂರಿಸಿದ್ರಿ. ಮತ್ತೆ ಮನೆಗೆ ಬಂದು ಅಮ್ಮನತ್ರ ಮೆಲ್ಲ ಕನ್ನಡಕದ ವಿಷಯ ಹೇಳಿದ್ರಿ. ನನಗೆ ಕಣ್ಣು ಕಾಣುದಿಲ್ಲ ಅಂತ ಕ್ಲಾಸಲ್ಲಿ ಒಬ್ಬರಿಗೂ ಗೊತ್ತಾಗ್ಲಿಲ್ಲ. ನಾನೂ ನಿಮ್ಮ ಯಜಮಾನರತ್ರ ಮೆಲ್ಲ ಹೇಳಿದ್ದೆ."

ನನಗೆ ಅದರಲ್ಲಿ ಒಂದಕ್ಷರವೂ ನೆನಪಿರಲಿಲ್ಲ. ಯಾವುದೋ ಕಾಲದಲ್ಲಿ ನಾನು ಒಳ್ಳೆಯವಳಾಗಿದ್ದೆ ಎಂದು ಕೇಳಿ ಸಂತೋಷವಾಗಬೇಕಿತ್ತು. ಆಗಲಿಲ್ಲ. ನಾನು ಮರೆತದ್ದನ್ನು ಇವನು ಇಷ್ಟು ವರ್ಷ ಇಟ್ಟುಕೊಂಡು ನನಗೇ ತಿರುಗಿ ಕೊಟ್ಟ. ನಾನು ಅವನ ಅಂಗಡಿಯ ಹೆಸರಿಗೆ ಮಸಿ ಬಳಿದೆ. ಕುರ್ಚಿಯಲ್ಲಿ ಕುಳಿತು ಅತ್ತುಬಿಟ್ಟೆ. ರಫೀಕ್ ಗಾಬರಿಯಿಂದ ಲಿಂಬೆ ಶರಬತ್ತು ತರಿಸಿದ.

"ದೊಡ್ಡ ವಿಷಯ ಮಾಡ್ಬೇಡಿ ಟೀಚರೇ. ಈಗ ರಿಪೇರಿ ಆಯ್ತು ಅಂತ ಸಂಘದಲ್ಲಿ ಹೇಳಿ, ಸಾಕು. ಕಿವಿಯ ಸುದ್ದಿ ಯಾಕೆ?"

ಎಷ್ಟು ಸುಲಭದ ದಾರಿ. ನಿಮ್ಮಲ್ಲಿ ಮುಚ್ಚುಮರೆ ಯಾಕೆ, ಎರಡು ದಿನ ಆ ದಾರಿಯಲ್ಲೇ ಹೋಗುವುದೆಂದು ಇದ್ದೆ. ವಾಕ್ಯ ಕೂಡ ತಯಾರಿತ್ತು. ಆದರೆ ರಿಪೇರಿಯಾಯಿತು ಎಂದರೆ ಮೊದಲು ಕೆಟ್ಟಿತ್ತು ಎಂದೇ ಆಯಿತಲ್ಲ. ಅವನ ಮೇಲಿನ ಮಸಿ ಹೋಗಬೇಕಾದರೆ ಅದು ನನ್ನ ಮುಖಕ್ಕೇ ಬರಬೇಕು, ಬೇರೆ ಜಾಗವಿಲ್ಲ.

ಪೆರಾಬೆಯಲ್ಲಿ ಕೂಟವಿತ್ತು. ಪದ ಶುರುವಾಗುವ ಮೊದಲು ಮುಂದಿನ ಸಾಲಿನಿಂದ ಎದ್ದೆ. ಜನ್ಮದಲ್ಲಿ ಮೊದಲ ಸಲ ಮೈಕ್ ಹಿಡಿದೆ. "ರಫೀಕನ ಮಾಲಿನಲ್ಲಿ ಏನೂ ತಪ್ಪಿಲ್ಲ. ನನಗೆ ಕಿವಿ ಕೇಳುವುದಿಲ್ಲ. ಚಕ್ರತಾಳ ಕೇಳದೆ ಎರಡು ವರ್ಷವಾಯಿತು ಎಂದು ಕಾಣುತ್ತದೆ. ಸುಳ್ಳು ಹೇಳಿ ಅವನ ಹೆಸರು ಕೆಡಿಸಿದ್ದೇನೆ, ತಪ್ಪಾಯಿತು," ಎಂದೆ. ಸಭೆ ಸ್ತಬ್ಧವಾಯಿತು. ಅಥವಾ ಪಿಸುಗುಟ್ಟಿತೋ ಏನೋ, ಅದು ನನಗೆ ಗೊತ್ತಾಗುವ ಹಾಗಿಲ್ಲ.

ಕೊನೆಗೆ ಭಾಗವತೆಯೇ ಮೈಕಿನಲ್ಲಿ ಕೇಳಿದಳು, "ಹಾಗಾದ್ರೆ ಟೀಚರ್, ಇಷ್ಟು ದಿವಸ ನನ್ನ ಪದಕ್ಕೆ ಅಡ್ಡಡ್ಡ ತಲೆ ಅಲ್ಲಾಡಿಸಿದ್ದು ಎಂತಕ್ಕೆ?"

"ಅಭ್ಯಾಸಕ್ಕೆ," ಎಂದೆ. ಇಡೀ ಸಭೆ ನಕ್ಕಿತು. ಅದು ಚೆನ್ನಾಗಿ ಕೇಳಿತು. ಆ ದಿನ ಅವಳು ಪುಸ್ತಕವನ್ನೂ ನೋಡದೆ, ನನ್ನನ್ನೂ ನೋಡದೆ ಹಾಡಿದಳು. ಸರೋಜಕ್ಕ ಕೂಟ ಮುಗಿಯುವ ಮೊದಲೇ ಹೊರಗೆ ಹೋಗಿ ರಫೀಕನಿಗೆ ಫೋನ್ ಮಾಡಿ ಬಂದರು.

ಈಗ ಕಾರಿನಲ್ಲಿ ಸಣ್ಣ ಸ್ವರವನ್ನು ರಫೀಕ್ ಎಲ್ಲರ ಕಿವಿಗೆ ಹೊಂದುವ ಹಾಗೆ ಇಳಿಸಿಕೊಟ್ಟಿದ್ದಾನೆ. ಜನ ತಿರುಗಿ ಬಂದಿದ್ದಾರೆ, ಯಜಮಾನರ ಕಿವಿಯ ಹತ್ತಿ ಹೋಗಿದೆ. ಕಿವಿಯ ಯಂತ್ರಕ್ಕೆ ಅಳತೆ ಕೊಟ್ಟು ಬಂದಿದ್ದೇನೆ, ಇನ್ನೂ ಬಂದಿಲ್ಲ. ಅದರೊಳಗಿರುವುದೂ ಒಂದು ಸಣ್ಣ ಸ್ಪೀಕರು, ಒಂದು ಸಣ್ಣ ಆಂಪ್ಲಿಫೈಯರಂತೆ. ಯಾವುದು ಆರಿಸುವುದೆಂದು ತಿಳಿಯದೆ ಕ್ಯಾಟಲಾಗು ಹಿಡಿದುಕೊಂಡು ರಫೀಕನಲ್ಲಿಗೆ ಹೋಗಿದ್ದೆ. ದೊಡ್ಡ ನಂಬರು ನೋಡಬೇಡಿ ಎಂದ. ನೂರು ಪುಟದ ನೋಟ್‌ಬುಕ್ಕಿನಲ್ಲಿ ಇನ್ನೂ ಹಾಳೆಗಳು ಉಳಿದಿವೆ. ಅವುಗಳಲ್ಲಿ ಮೊದಲ ಹಾಳೆಯಲ್ಲಿ ಆ ನೆಲ ಡೊಂಕಿನ ಗಾದೆಯನ್ನು ಬರೆದು ವಿಸ್ತರಿಸಿದೆ, ಎರಡು ಪುಟ ಬಂತು. ಐದಕ್ಕೆ ನಾಲ್ಕು ಅಂಕ ಕೊಟ್ಟುಕೊಂಡಿದ್ದೇನೆ. ಜೀರುಂಡೆಯ ಪತ್ರಕ್ಕೆ ತಿದ್ದುಪಡಿ ಕಳಿಸುವುದು ಬಾಕಿಯಿರುವುದರಿಂದ ಒಂದು ಅಂಕ ಹಿಡಿದಿದ್ದೇನೆ.