ಕರೆನ್‌ನಲ್ಲೊಂದು ಹಿಮ ತೂರುವ ಯಂತ್ರ

ಟೀ ಡಬ್ಬದ ಮುಚ್ಚಳ ತೆಗೆದದ್ದೇ ತಡ, ಹಳೆಯ ಗ್ರೀಸಿನ ವಾಸನೆ ಮೂಗಿಗೆ ಬಡಿಯಿತು. ಊಟದ ಟೇಬಲ್ಲಿನ ಮೇಲೆ ಅದನ್ನು ಇಡಬೇಡಿ ಎಂದು ಹೆಂಡತಿ ಒಳಗಿನಿಂದಲೇ ಕೂಗಿದಳು. ನಾನು ಇಟ್ಟುಕೊಂಡೇ ಕೂತಿದ್ದೆ. ಡಬ್ಬದ ತುಂಬ ಬೆರಳುದ್ದದ ಬೋಲ್ಟುಗಳು, ಎರಡೆರಡಾಗಿ ಬ್ರೆಡ್ಡಿನ ಕವರಿನಲ್ಲಿ ಸುತ್ತಿದ್ದವು. ಹಾಗೆ ಸುತ್ತಿಡುವವರು ನನಗೆ ಗೊತ್ತಿದ್ದವರಲ್ಲಿ ಒಬ್ಬರೇ, ನೈರೋಬಿಯ ಕರೆನ್ ಬಡಾವಣೆಯಲ್ಲಿ ನಾನು ಮೊದಲು ಬಾಡಿಗೆಗಿದ್ದ ಮನೆಯ ಓನರು. ಅವರು ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಡಬ್ಬ ಕಳಿಸಿದ್ದು ಅವರ ಹೆಂಡತಿ, ನಾನು ಆಂಟಿ ಎಂದು ಕರೆಯುವವರು. ಮುಚ್ಚಳದ ಮೇಲೆ ಅಂಟಿಸಿದ ಚೀಟಿಯಲ್ಲಿ ಅವರದೇ ಗುಂಡುಗುಂಡು ಅಕ್ಷರದಲ್ಲಿ 'ಇಂಜಿನಿಯರ್ರಿಗೆ' ಎಂದು ಬರೆದಿತ್ತು.

ನೈರೋಬಿಗೆ ಬಂದಾಗ ನನ್ನ ಹತ್ತಿರ ಇದ್ದದ್ದು ಎರಡು ಸೂಟ್‌ಕೇಸು, ಲ್ಯಾಮಿನೇಟ್ ಮಾಡಿಸಿದ ಒಂದು ಡಿಗ್ರಿ ಸರ್ಟಿಫಿಕೇಟು. ಅಪ್ಪ ಮಂಡ್ಯದ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದ. ನಮ್ಮವರಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ ನಾನು. ಹತ್ತಿ, ಎರಡು ಸಲ ಜಾರಿ, ಆರು ವರ್ಷಕ್ಕೆ ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿದೆ. ಇಲ್ಲಿ ಔಷಧ ಫ್ಯಾಕ್ಟರಿಯಲ್ಲಿ ಯಂತ್ರಗಳ ಮೇಂಟೆನೆನ್ಸ್ ಕೆಲಸ. ಆ ಸರ್ಟಿಫಿಕೇಟನ್ನು ಹಾಲಿನ ಗೋಡೆಯಲ್ಲಿ ದೇವರ ಫೋಟೊಗಿಂತ ಒಂದು ಗೇಣು ಮೇಲೆಯೇ ನೇತುಹಾಕಿದ್ದೆ. ಓನರು ಮೊದಲ ದಿನ ಬಂದವರು ಕನ್ನಡಕ ಏರಿಸಿಕೊಂಡು ಅದನ್ನು ಪೂರ್ತಿ ಓದಿದರು. ಅವರು ಓದಿದ್ದು ಏಳನೇ ಕ್ಲಾಸು. ಚಿಕ್ಕ ವಯಸ್ಸಿಗೇ ಹಾಸನದಿಂದ ಇಲ್ಲಿಗೆ ಬಂದು ನ್ಗಾರಾ ಪೇಟೆಯ ಗ್ಯಾರೇಜೊಂದರಲ್ಲಿ ಸ್ಪ್ಯಾನರ್ ಹಿಡಿದವರು. ಆಮೇಲೆ ಹೊರದೇಶದ ಹಳೆಯ ಟ್ರ್ಯಾಕ್ಟರುಗಳನ್ನು ತರಿಸಿ, ರಿಪೇರಿ ಮಾಡಿ ಮಾರುತ್ತ ಕರೆನ್‌ನಲ್ಲಿ ಮನೆ ಕಟ್ಟಿದವರು. ಅವತ್ತಿನಿಂದ ನನ್ನನ್ನು 'ಇಂಜಿನಿಯರ್ರೇ' ಎಂದೇ ಕರೆದರು. ಅದರಲ್ಲಿ ಗೌರವ ಎಷ್ಟು, ತಮಾಷೆ ಎಷ್ಟು... ಇವತ್ತಿಗೂ ನನಗೆ ಗೊತ್ತಾಗಿಲ್ಲ.

ನಮ್ಮ ಎರಡೂ ಮನೆಗೆ ಒಂದೇ ಕಾಂಪೌಂಡು. ಅಲ್ಲಿದ್ದ ಅವರ ಶೆಡ್ಡಿನಲ್ಲಿ ಒಂದು ವಿಚಿತ್ರ ಯಂತ್ರವಿತ್ತು. ಯಾವುದೋ ಚಳಿ ದೇಶದಿಂದ ಬಂದ ಸಣ್ಣ ಟ್ರ್ಯಾಕ್ಟರಿನ ಬೆನ್ನಿಗೆ ಅಂಟಿಕೊಂಡೇ ಬಂದಿತ್ತಂತೆ. ಕೆಂಪು ಬಣ್ಣ, ಸೊಂಟದೆತ್ತರದ ಅಗಲ ಬಾಯಿ, ಬಾಯೊಳಗೆ ಅಡ್ಡಲಾಗಿ ತಿರುಗುವ ದೊಡ್ಡ ಸ್ಕ್ರೂ, ನೆತ್ತಿಯ ಮೇಲೆ ಬಾಗಿದ ಕೊಳವೆ. ಟ್ರ್ಯಾಕ್ಟರಿನ ಶಾಫ್ಟು ಅದನ್ನು ತಿರುಗಿಸಿದರೆ ಮನೆಮುಂದಿನ ದಾರಿಯಲ್ಲಿ ಬಿದ್ದ ಹಿಮವನ್ನು ಒಳಗೆಳೆದು ಕೊಳವೆಯಿಂದ ಪಕ್ಕಕ್ಕೆ ತೂರುತ್ತದೆ. ನೈರೋಬಿಯಲ್ಲಿ ಹಿಮವೆಲ್ಲಿ? ಕೊಳ್ಳಲು ಬಂದವರು ನೇಗಿಲು ಕೇಳಿದರು, ಟ್ರೈಲರ್ ಕೇಳಿದರು, ಇದನ್ನು ಯಾರೂ ಮುಟ್ಟಲಿಲ್ಲ. ಅದು ಒಂಟಿಯಾಗುತ್ತದೆ ಎಂದು ಓನರು ಆ ಟ್ರ್ಯಾಕ್ಟರನ್ನೂ ಮಾರಲಿಲ್ಲ. ಭಾನುವಾರ ಬೆಳಿಗ್ಗೆ ಎರಡಕ್ಕೂ ಗ್ರೀಸ್ ಹಾಕುತ್ತ ಕೂರುತ್ತಿದ್ದರು.

"ಮದ್ವೆಯಾಗಿ ನಲವತ್ತು ವರ್ಷ ಆಯ್ತು, ನನ್ ಮಂಡಿಗೆ ಒಂದಿನ ಎಣ್ಣೆ ಹಚ್ಚಿದ್ ಕಾಣೆ" ಎಂದು ಆಂಟಿ ವರಾಂಡದಿಂದ ಚುಚ್ಚುತ್ತಿದ್ದರು.

"ಗ್ರೀಸ್ ಗನ್ ಹಿಡಿಯೋಕೆ ಅಲ್ಲಿ ತೂತೇ ಕೊಟ್ಟಿಲ್ವಲ್ಲೇ" ಎನ್ನುವುದು ಓನರ ಉತ್ತರ.

ಆಯುಧಪೂಜೆಗೆ ಅವರದೊಂದು ಪದ್ಧತಿಯಿತ್ತು. ಕುಂಬಳಕಾಯಿ ಒಡೆದು ಮಂಗಳಾರತಿ ಆದ ಮೇಲೆ ಶೆಡ್ಡಿನಲ್ಲಿರುವ ಪ್ರತಿ ಯಂತ್ರವೂ ಒಂದು ಸಲ ತಿರುಗಲೇಬೇಕು. ಕೆಲಸ ಇರಲಿ, ಇಲ್ಲದಿರಲಿ. ಹಿಮದ ಯಂತ್ರವೂ ಚೆಂಡುಹೂವಿನ ಹಾರ ಹಾಕಿಕೊಂಡು ಐದು ನಿಮಿಷ ಬರಿಗಾಳಿಯನ್ನು ತೂರುತ್ತಿತ್ತು. ಬಂದ ಕನ್ನಡದವರೆಲ್ಲ ಅದನ್ನು ನೋಡಿ ನಗುತ್ತಿದ್ದರು, ಓನರೂ ನಗುತ್ತಿದ್ದರು.

ನಾನು ಬಂದ ಎರಡನೆಯ ವರ್ಷ ಹಬ್ಬದ ಹಿಂದಿನ ದಿನ ಯಂತ್ರ ಒರೆಸುತ್ತಿದ್ದಾಗ, ಸ್ಕ್ರೂವನ್ನು ಶಾಫ್ಟಿಗೆ ಹಿಡಿದಿಟ್ಟ ಎರಡು ಬೋಲ್ಟುಗಳು ಕಣ್ಣಿಗೆ ಬಿದ್ದವು. ಉಗುರಲ್ಲಿ ಕೆರೆದರೆ ಗೀರು ಬೀಳಬೇಕು, ಅಂಥ ಮೆತ್ತನೆಯ ಕಬ್ಬಿಣ. ಇಷ್ಟು ದೊಡ್ಡ ಯಂತ್ರಕ್ಕೆ ಇಂಥ ಬೋಲ್ಟೇ ಎಂದು ಇಂಜಿನಿಯರಿಗೆ ಅವಮಾನವಾಯಿತು. ಮರುದಿನ ಬೆಳಿಗ್ಗೆಯೇ ನ್ಗಾರಾಕ್ಕೆ ಹೋಗಿ ಅತಿ ಗಟ್ಟಿ ಉಕ್ಕಿನ ಎರಡು ಬೋಲ್ಟು ತಂದು, ಪೂಜೆಗೆ ಮೊದಲು ಹಾಕಿ, ಅವುಗಳ ತಲೆಗೆ ಕುಂಕುಮ ಹಚ್ಚಿದೆ. ಬಂದವರೆಲ್ಲರಿಗೂ ತೋರಿಸಿ, ಇನ್ನು ಇಪ್ಪತ್ತು ವರ್ಷ ಇವು ಮುರಿಯೋದಿಲ್ಲ ಎಂದು ಹೇಳಿಕೊಂಡೆ. ನನಗೆ ಏನನ್ನೂ ಅತಿಯಾಗಿ ಬಿಗಿ ಮಾಡುವ ಚಾಳಿ. ಆ ಬೋಲ್ಟುಗಳನ್ನು ಬಿಗಿ ಮಾಡುವಾಗಲೂ ಓನರು ಬಂದು ಎಂದಿನಂತೆ ನನ್ನ ಸ್ಪ್ಯಾನರಿನ ಮೇಲೆ ಕೈಯಿಟ್ಟು, "ಸಾಕು ಸಾಕು, ಪೋಲೆ ಪೋಲೆ" ಎಂದರು. ನಿಧಾನ, ನಿಧಾನ. ಅಷ್ಟೇ. ಬೋಲ್ಟಿನ ಬಗ್ಗೆ ಒಂದು ಮಾತೂ ಆಡಲಿಲ್ಲ.

ಆ ಹೊತ್ತಿಗಾಗಲೇ ಆಂಟಿಯ ಕಿಡ್ನಿ ಕೈಕೊಟ್ಟು ವರ್ಷವಾಗಿತ್ತು. ವಾರಕ್ಕೆರಡು ಸಲ ಅಪ್ಪರ್ ಹಿಲ್‌ನ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಹಬ್ಬ ಕಳೆದು ತಿಂಗಳಿಗೆ ಜ್ವರ ಬಂದು ಒಂದು ಸರದಿ ತಪ್ಪಿತು. ಮುಂದಿನದು ಶುಕ್ರವಾರ ಮಧ್ಯಾಹ್ನ. ಇನ್ನೊಂದು ತಪ್ಪಿಸಲೇಬಾರದು ಎಂದು ಡಾಕ್ಟರು ಹೇಳಿದ್ದರು. ಅವರು ಹೇಳಬೇಕಾಗಿಯೂ ಇರಲಿಲ್ಲ. ಆಂಟಿಯ ಮುಖ ಊದಿತ್ತು, ಎರಡು ಮಾತಿಗೊಮ್ಮೆ ಏದುಸಿರು.

ಕಾರು ಓಡಿಸಲೆಂದು ನಾನು ರಜೆ ಹಾಕಿ ಮನೆಯಲ್ಲೇ ಇದ್ದೆ. ಆ ಶುಕ್ರವಾರ ಒಂದು ಗಂಟೆಗೆ ಆಲಿಕಲ್ಲು ಬಿತ್ತು. ಕರೆನ್‌ನಲ್ಲಿ ಆಗೀಗ ನಾಲ್ಕು ಕಾಳು ಬೀಳುವುದಿದೆ, ಅಂಥದಲ್ಲ ಇದು. ಅರ್ಧ ಗಂಟೆ ತಗಡಿನ ಶೆಡ್ಡಿನ ಮೇಲೆ ಲಾರಿಯಿಂದ ಜಲ್ಲಿ ಸುರಿದ ಹಾಗೆ. ನಿಂತಾಗ ನೋಡಿದರೆ ಇಳಿಜಾರು ದಾರಿಯ ಆಲಿಕಲ್ಲೆಲ್ಲ ನೀರಿನ ಜೊತೆ ಕೆಳಗೆ ಹರಿದು, ಗೇಟಿನ ಮುಂದೆ ತೊಡೆಮಟ್ಟ ರಾಶಿ ಬಿದ್ದಿತ್ತು. ಬಿಳಿ, ಗಟ್ಟಿ, ಮಧ್ಯೆ ಹರಿದ ಎಲೆ, ಕೊಂಬೆ. ಗೇಟು ಒಳಕ್ಕೆ ತೆರೆಯುವಂಥದ್ದು, ಒಂದಿಂಚೂ ಅಲುಗಲಿಲ್ಲ. ಗೇಟು ಕಾಯುವ ಅಸ್ಕಾರಿ ಸಲಿಕೆ ಹಿಡಿದ. ನಾನೂ ಹಿಡಿದೆ. ಹತ್ತು ನಿಮಿಷ ಎತ್ತಿದರೆ ಒಂದು ಮೂಲೆಯೂ ಖಾಲಿಯಾಗಿರಲಿಲ್ಲ. ಆಂಬುಲೆನ್ಸಿಗೆ ಫೋನ್ ಮಾಡಿದರೆ ಮರ ಬಿದ್ದು ದಾರಿ ಕಟ್ಟಿದೆ, ಎಷ್ಟು ಹೊತ್ತಾಗುತ್ತದೋ ಹೇಳಲಾಗದು ಎಂದರು.

ಆಗ ಶೆಡ್ಡಿನೊಳಗಿಂದ ಟ್ರ್ಯಾಕ್ಟರಿನ ಸದ್ದು ಬಂತು.

ಯಂತ್ರ ಹಿಂದಿರುವುದರಿಂದ ರಿವರ್ಸಿನಲ್ಲೇ ಹೋಗಬೇಕು. ಓನರಿಗೆ ಕುತ್ತಿಗೆ ನೋವು, ಹಿಂದೆ ತಿರುಗಿ ನೋಡಲಾರರು. ನಾನು ಪಕ್ಕದಲ್ಲಿ ನಡೆಯುತ್ತ ಎಡಕ್ಕೆ, ಬಲಕ್ಕೆ ಎಂದು ಕೈ ತೋರಿಸಿದೆ. ಯಂತ್ರದ ಬಾಯಿ ರಾಶಿಯನ್ನು ಮುಟ್ಟಿತು, ಒಂದು ಕ್ಷಣ ಗೊಣಗಿತು, ಆಮೇಲೆ ಕೊಳವೆಯಿಂದ ಬಿಳಿಯ ಧಾರೆ ಬೋಗನ್‌ವಿಲ್ಲಾ ಬೇಲಿಯ ಮೇಲೆ ಹಾರಿತು. ಅಸ್ಕಾರಿ ಸಲಿಕೆ ಬಿಟ್ಟು ಎರಡೂ ಕೈ ತಲೆಯ ಮೇಲಿಟ್ಟುಕೊಂಡು ನಕ್ಕ. ಅಷ್ಟು ವರ್ಷ ಗಾಳಿಯನ್ನೇ ತಿಂದ ಯಂತ್ರ...

ಅರ್ಧ ದಾರಿಯಾಗಿತ್ತು. ಟಪ್ ಎಂದು ಒಂದು ಸದ್ದು. ಇಂಜಿನ್ ಓಡುತ್ತಲೇ ಇದೆ, ಸ್ಕ್ರೂ ನಿಂತಿದೆ. ಓನರು ಇಂಜಿನ್ ಆರಿಸಿ, ಕೀಲಿ ತೆಗೆದು ಅಂಗಿ ಜೇಬಿಗೆ ಹಾಕಿಕೊಂಡು, ಆಮೇಲೆ ಇಳಿದರು. ಪೊರಕೆಯ ಕೋಲಿನಿಂದ ತಿವಿದು ತೆಗೆದರೆ ತೋಳು ದಪ್ಪದ ಜಕರಂಡಾ ಕೊಂಬೆ. ನಾನು ಬಗ್ಗಿ ನೋಡಿದೆ. ಎರಡೂ ಬೋಲ್ಟು ನಡುವಿಗೆ ತುಂಡಾಗಿದ್ದವು. ಅಷ್ಟು ಗಟ್ಟಿ ಉಕ್ಕು ತುಂಡಾಗಲು ಸಾಧ್ಯವೇ ಇಲ್ಲ ಎಂದು ತೊದಲಿದೆ.

"ನೀನ್ ಹಾಕಿದ್ದಲ್ಲ ಕಣಯ್ಯಾ ಅದು. ಅವತ್ ಸಾಯಂಕಾಲವೇ ಬಿಚ್ಚಿಟ್ಟೆ" ಎಂದರು ಓನರು. ಜೇಬಿನಿಂದ ಬ್ರೆಡ್ಡಿನ ಕವರು ತೆಗೆದರು. ಅದರಲ್ಲಿ ಅದೇ ಮೆತ್ತನೆಯ ಬೋಲ್ಟು, ಎರಡು. "ಇದು ಮುರೀಲಿ ಅಂತಲೇ ಹಾಕೋದು. ಇದು ಮುರೀದೇ ಇದ್ದಿದ್ರೆ ಒಳಗೆ ಗೇರು ಪುಡಿಯಾಗೋದು. ಆಮೇಲೆ ಅವಳನ್ನ ಹೆಗಲ ಮೇಲೆ ಹೊತ್ಕೊಂಡ್ ಹೋಗ್ಬೇಕಿತ್ತು, ನಾನೂ ನೀನೂ."

ಮತ್ತೆ ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವರು ಬೋಲ್ಟು ತೂರಿಸುತ್ತಲೇ, "ಹಬ್ಬದ ದಿನ ನೀನ್ ಅಷ್ಟು ಖುಷಿಯಾಗಿ ತಂದಿದ್ದೆ" ಎಂದರು. ಐದು ನಿಮಿಷದಲ್ಲಿ ಯಂತ್ರ ಮತ್ತೆ ತಿರುಗಿತು. ಇಪ್ಪತ್ತು ನಿಮಿಷಕ್ಕೆ ಗೇಟು ತೆರೆಯಿತು. ಆಂಟಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಸುತ್ತುದಾರಿಯಲ್ಲಿ ನಾನೇ ಕಾರು ಓಡಿಸಿದೆ.

ಆಸ್ಪತ್ರೆಯಲ್ಲಿ ಅವರನ್ನು ಒಳಗೆ ಕರೆದುಕೊಂಡು ಹೋದ ಮೇಲೆ ನಾವಿಬ್ಬರೂ ಬೆಂಚಿನ ಮೇಲೆ ಕೂತೆವು. ಪ್ಯಾಂಟು ಒದ್ದೆ, ಕೈತುಂಬ ಗ್ರೀಸು. ನರ್ಸು ಬಂದು ಎಲ್ಲ ಸರಿಯಾಗಿ ನಡೀತಿದೆ ಎಂದಳು. ನನ್ನ ಎದೆಯ ಮೇಲಿಂದ ಯಾರೋ ಅಕ್ಕಿ ಮೂಟೆ ಇಳಿಸಿದ ಹಾಗಾಯಿತು. ನನ್ನ ಬೋಲ್ಟು ಅಲ್ಲೇ ಇದ್ದಿದ್ದರೆ ಎಂದು ಯೋಚಿಸುತ್ತ ಪಕ್ಕಕ್ಕೆ ತಿರುಗಿದರೆ ಓನರು ನನ್ನ ಹೆಗಲಿಗೆ ತಲೆಯಾನಿಸಿ ನಿದ್ದೆಹೋಗಿದ್ದರು. ಆಂಟಿ ಹೊರಗೆ ಬರುವವರೆಗೂ ನಾನು ಹೆಗಲು ಅಲುಗಿಸಲಿಲ್ಲ.

ಡಬ್ಬದ ತಳದಲ್ಲಿ ಒಂದು ಕವರು ಬೇರೆಯಾಗಿತ್ತು. ಬಿಚ್ಚಿದರೆ ನನ್ನ ಎರಡು ಉಕ್ಕಿನ ಬೋಲ್ಟುಗಳು, ತುಕ್ಕಿಲ್ಲದೆ, ಎಣ್ಣೆ ಸವರಿಕೊಂಡು. ತಲೆಯ ಮೇಲೆ ಕುಂಕುಮ ಕಪ್ಪಾಗಿ ಉಳಿದಿತ್ತು. ಎಸೆದಿರುತ್ತಾರೆ ಎಂದುಕೊಂಡಿದ್ದೆ.

ಈ ಸಲದ ಆಯುಧಪೂಜೆಗೆ ಆಂಟಿ ಫೋನ್ ಮಾಡಿದರು. ವರ್ಷ ತುಂಬುವವರೆಗೆ ಅವರ ಮನೆಯಲ್ಲಿ ಹಬ್ಬವಿಲ್ಲ, ಹೂವಿಲ್ಲ, ಕುಂಬಳಕಾಯಿಯಿಲ್ಲ. "ಪೂಜೆ ಬೇಡ, ಯಂತ್ರ ಮಾತ್ರ ಒಂದ್ಸಲ ತಿರುಗಿಸಿ ಹೋಗಪ್ಪಾ" ಎಂದರು. ಹೋದೆ. ಅವರು ವರಾಂಡದಲ್ಲಿ ಕೂತಿದ್ದರು, ಬೆಳಿಗ್ಗೆ ತಾನೇ ಅಪ್ಪರ್ ಹಿಲ್‌ನಿಂದ ಬಂದಿದ್ದರಂತೆ, ಮುಖ ತಿಳಿಯಾಗಿತ್ತು. ಅದನ್ನು ನೋಡಿದ ಮೇಲೆಯೇ ನನಗೆ ಉಸಿರು ಸರಾಗವಾದದ್ದು.

ಡಬ್ಬದಿಂದ ಎರಡು ಮೆತ್ತನೆಯ ಬೋಲ್ಟು ತೆಗೆದು ಹೊಸದಾಗಿ ಹಾಕಿದೆ. ಬಿಗಿ ಮಾಡಿದೆ, ಇನ್ನೂ ಸ್ವಲ್ಪ ಬಿಗಿ ಮಾಡಿದೆ. ಸ್ಪ್ಯಾನರಿನ ಮೇಲೆ ಒಂದು ಕೈ ಬೀಳಬೇಕಿತ್ತು... ಬೀಳಲಿಲ್ಲ. ಸಾಕು ಎಂದು ನಾನೇ ನಿಲ್ಲಿಸಿದೆ.