ಬೀಳಿಸಿದವನೇ ಎತ್ತಬೇಕು

ವೆರ್ಲಿನ್ ಟೀಗ್‌ನ ಮೂಗು ಮೂರು ಸಲ ಮುರಿದಿತ್ತು. ಮೊದಲನೆಯ ಸಲ ಅಪ್ಪನ ಕೈಯಲ್ಲಿ, ಹತ್ತಿ ಬೀಜ ಬಿಡಿಸುವ ಮಿಲ್ಲಿನ ಹಿಂಭಾಗದಲ್ಲಿ, ಒಂಬತ್ತನೆಯ ವಯಸ್ಸಿಗೆ. ಉಳಿದೆರಡು ಸಲ ಫುಟ್‌ಬಾಲಿನಲ್ಲಿ. ಫುಟ್‌ಬಾಲೆಂದರೆ ಕಾಲಿನಿಂದ ಒದೆಯುವ ಆಟ ಎಂದುಕೊಂಡು ಯಾರಾದರೂ ಪಶ್ಚಿಮ ಟೆಕ್ಸಸ್ಸಿಗೆ ಬಂದರೆ ಅಲ್ಲಿಯ ಜನ ಪಾಪ ಎನ್ನುತ್ತಾರೆ. ಅಲ್ಲಿ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡಬೇಕು. ಎದುರಿನವರು ಹೆಲ್ಮೆಟ್ಟು ತೊಟ್ಟು ನುಗ್ಗಿ ಬಂದು ನೆಲಕ್ಕೆ ಕೆಡವಬೇಕು. ಕ್ರೌಡರ್ ಎಂಬ ಸಣ್ಣ ಊರಿನ ಹೈಸ್ಕೂಲಿನಲ್ಲಿ ವೆರ್ಲಿನ್ ಇಪ್ಪತ್ತೆರಡು ವರ್ಷ ಕಲಿಸಿದ್ದು ಇದನ್ನೇ.

ಕಲಿಸುತ್ತಿದ್ದ ರೀತಿ ಬಲು ಒರಟು. ಆಗಸ್ಟಿನ ಸುಡುಬಿಸಿಲಿನಲ್ಲಿ ಇಬ್ಬರು ಹುಡುಗರನ್ನು ತಲೆಗೆ ತಲೆ ತಾಗುವಂತೆ ಅಂಗಾತ ಮಲಗಿಸುತ್ತಿದ್ದ. ಸೀಟಿ ಊದಿದ ಕೂಡಲೇ ಇಬ್ಬರೂ ಎದ್ದು, ತಿರುಗಿ, ಢೀ ಕೊಡಬೇಕು. ತುಟಿ ಒಡೆಯುತ್ತಿತ್ತು, ಬೆರಳು ತಿರುಚುತ್ತಿತ್ತು, ಯಾರೋ ಬೇಲಿಯ ಹತ್ತಿರ ಹೋಗಿ ವಾಂತಿ ಮಾಡಿ ಬಾಯೊರೆಸಿಕೊಂಡು ಮತ್ತೆ ಸಾಲಿಗೆ ಬರುತ್ತಿದ್ದ. ಆದರೆ ವೆರ್ಲಿನ್‌ನ ಕಟ್ಟುನಿಟ್ಟು ಇನ್ನೊಂದಿತ್ತು. ಬೀಳಿಸಿದವನು ಬಿದ್ದವನಿಗೆ ಕೈಕೊಟ್ಟು ಎತ್ತಿ ನಿಲ್ಲಿಸಬೇಕು. ಎತ್ತದೆ ಹೊರಟವನ ಹೆಲ್ಮೆಟ್ಟಿನಲ್ಲಿ ಮುಖದ ಮುಂದಿರುವ ಸರಳು ಹಿಡಿದು ಹಲ್ಲು ಕಟಕಟಿಸುವ ಹಾಗೆ ಅಲ್ಲಾಡಿಸುತ್ತಿದ್ದ.

“ಏನೋ, ಅವನೇನು ರಸ್ತೇಲಿ ಸತ್ತ ನಾಯಿನಾ, ದಾಟ್ಕೊಂಡು ಹೋಗ್ತೀಯ? ಎತ್ತೋ! ಹೊಡಿಯೋದು ಆಟ. ಹೊಡೆದು ಬಿಟ್ಟು ಹೋಗೋನು ಹೇಡಿ!”

ಅವನ ಅಪ್ಪ ಹೊಡೆದ ಮೇಲೆ ಒಂದು ದಿನವೂ ಎತ್ತಿದವನಲ್ಲ. ವೆರ್ಲಿನ್ ಅದನ್ನು ಯಾರ ಮುಂದೆಯೂ ಹೇಳಿರಲಿಲ್ಲ, ಹೇಳುವ ಜಾಯಮಾನದವನೂ ಅಲ್ಲ. ಗೆದ್ದ ಪಂದ್ಯಗಳಿಗಿಂತ ಈ ಒಂದು ನಿಯಮದ ಮೇಲೆ ಅವನಿಗೆ ಹೆಚ್ಚು ಹೆಮ್ಮೆ. ಕ್ರೌಡರ್ ಹುಡುಗರು ಮೂಳೆ ಮುರಿಯುತ್ತಾರೆ, ಆದರೆ ಮರ್ಯಾದಸ್ಥರು ಎಂದು ಸುತ್ತಲಿನ ಊರುಗಳೂ ಒಪ್ಪುತ್ತಿದ್ದವು. ಪಾದ್ರಿಯಂತೂ ಇದರ ಮೇಲೆ ಎರಡು ಭಾನುವಾರ ಉಪದೇಶ ಮಾಡಿದ್ದ.

ಎಂಬತ್ತಾರನೆಯ ಇಸವಿಯ ತಂಡದಲ್ಲಿ ಅವನ ಕಣ್ಮಣಿ ಮಾರ್ವಿನ್ ಕುಬೇನಾ. ತಾಯಿ ಶಾಲೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಳು. ಹುಡುಗ ಮಾತಿನಲ್ಲಿ ಮೆತ್ತಗೆ, ಮೈದಾನಕ್ಕಿಳಿದರೆ ಎದುರಿನವನ ಎಲುಬು ಎಣಿಸುವವನು. ಹೇಳಿದ್ದನ್ನು ಎರಡನೆಯ ಸಲ ಹೇಳಿಸಿಕೊಳ್ಳುತ್ತಿರಲಿಲ್ಲ.

ಅಕ್ಟೋಬರಿನಲ್ಲಿ ಪಕ್ಕದೂರು ಲೋವೆಲ್‌ನಲ್ಲಿ ಪಂದ್ಯ. ಆಟದ ಮೂರನೆಯ ಕಾಲುಭಾಗದಲ್ಲಿ ಲೋವೆಲ್‌ನ ಟ್ರಾಯ್ ಸ್ಟ್ಯಾಂಫರ್ ಚೆಂಡು ಅವುಚಿಕೊಂಡು ತಲೆ ತಗ್ಗಿಸಿ ನುಗ್ಗಿದ. ಮಾರ್ವಿನ್ ಅಡ್ಡ ಬಂದು ಗುದ್ದಿದ. ಒಣಗಿದ ಹಲಗೆ ಸೀಳಿದಂಥ ಸದ್ದಾಯಿತು. ಕೂತಿದ್ದ ಎರಡೂ ಊರಿನವರು ಒಟ್ಟಿಗೆ ‘ಓಹ್’ ಎಂದರು. ಟ್ರಾಯ್ ಬೆನ್ನಡಿಯಾಗಿ ಬಿದ್ದ. ಮಾರ್ವಿನ್ ಬಗ್ಗಿ ಕೈ ಚಾಚಿದವನು ಯಾಕೋ ಕೈ ಹಿಂದಕ್ಕೆಳೆದುಕೊಂಡ. ಎರಡು ಹೆಜ್ಜೆ ಹಿಂದೆ ಸರಿದು ಕೋಚ್ ಕಡೆ ನೋಡಿದ.

ವೆರ್ಲಿನ್‌ಗೆ ಕಂಡದ್ದು ಇಷ್ಟೇ: ತನ್ನ ಹುಡುಗ, ಅದೂ ತನ್ನ ಮಾರ್ವಿನ್, ಬಿದ್ದವನನ್ನು ಬಿಟ್ಟು ಹೊರಟಿದ್ದಾನೆ. ಪಿತ್ತ ನೆತ್ತಿಗೇರಿತು. ಮೈದಾನದ ಗೆರೆಯ ಅಂಚಿಗೆ ನುಗ್ಗಿ ಎರಡೂ ಕೈ ಮೇಲೆತ್ತಿ ಕೂಗಿದ: “ಎತ್ತೋ! ಎತ್ತೋ ಅವನನ್ನ!”

ಮಾರ್ವಿನ್ ಟ್ರಾಯ್‌ನ ಕಂಕುಳಿಗೆ ಕೈಹಾಕಿ ಎತ್ತಿ ನಿಲ್ಲಿಸಿದ. ಒಂದು ಗಳಿಗೆ ನಿಂತಂತಿತ್ತು. ಆಮೇಲೆ ಟ್ರಾಯ್‌ನ ತಲೆ ಒಂದು ಪಕ್ಕಕ್ಕೆ ವಾಲಿತು, ಕಾಲು ಎರಡೂ ಮಡಚಿಕೊಂಡವು, ಮಾರ್ವಿನ್‌ನ ಕೈಯಿಂದ ಜಾರಿ ಮುಖ ಅಡಿಯಾಗಿ ಬಿದ್ದ. ಎರಡೂ ತಂಡದವರು ಪ್ರಾರ್ಥನೆಗೆ ಮೊಣಕಾಲೂರಿದರು. ಆಂಬುಲೆನ್ಸ್ ಹುಲ್ಲಿನ ಮೇಲೆಯೇ ಬಂತು. ಪಂದ್ಯ ಅಲ್ಲಿಗೇ ನಿಂತಿತು.

ಬಸ್ಸಿನ ಹತ್ತಿರ ಲೋವೆಲ್‌ನ ಐದಾರು ಗಂಡಸರು ಮಾರ್ವಿನ್‌ನನ್ನು ಅಡ್ಡಗಟ್ಟಿದರು. “ಕತ್ತು ಮುರಿದವನನ್ನ ಗೋಣಿಚೀಲ ಎತ್ತಿದ ಹಾಗೆ ಎತ್ತುತ್ತೀಯೇನೋ, ಕೊಲೆಗಡುಕ!” ಎಂದು ಒಬ್ಬ ಬಾಯಿಗೇ ಗುದ್ದಿದ. ಇನ್ನೊಬ್ಬ ಬಿದ್ದವನ ಪಕ್ಕೆಗೆ ಬೂಟುಗಾಲಿನಲ್ಲಿ ಒದ್ದ. ಮಾರ್ವಿನ್ ಕೈ ಎತ್ತಲಿಲ್ಲ. ವೆರ್ಲಿನ್ ಓಡಿ ಬಂದು ಒಬ್ಬನ ಕತ್ತಿನಪಟ್ಟಿ ಹಿಡಿದು ಬಸ್ಸಿನ ತಗಡಿಗೆ ಅಪ್ಪಳಿಸಿ, ಇನ್ನೊಬ್ಬನನ್ನು ಜಲ್ಲಿಯ ಮೇಲೆ ಉರುಳಿಸಿ, ಹುಡುಗನನ್ನು ಎಳೆದು ಒಳಗೆ ಹಾಕಿದ. ಮಾರ್ವಿನ್‌ನ ಎರಡು ಹಲ್ಲು ಅಲ್ಲೇ ಉಳಿದವು.

ಬಸ್ಸು ಊರು ದಾಟಿದ ಮೇಲೆ ವೆರ್ಲಿನ್ ಪಕ್ಕದಲ್ಲಿ ಕೂತ. “ಮಾರ್ವಿನ್, ನಾನು ಕೂಗಿದ್ದು...”

“ಏನೂ ಕೇಳಿಸ್ಲಿಲ್ಲ ಕೋಚ್. ಶಾಲೆ ಬ್ಯಾಂಡಿನವರ ಗಲಾಟೆ ಜೋರಾಗಿತ್ತು.” ಹುಡುಗ ಬಾಯಿಗೆ ಟವೆಲ್ ಒತ್ತಿಕೊಂಡು ಕಿಟಕಿಯ ಕಡೆ ತಿರುಗಿದ.

ಇದ್ದದ್ದನ್ನು ಇದ್ದ ಹಾಗೆ ಹೇಳುವುದಾದರೆ, ಆ ಮಾತು ಕೇಳಿ ವೆರ್ಲಿನ್‌ನ ಎದೆ ಹಗುರವಾಯಿತು. ಹಗುರವಾಯಿತಲ್ಲ ಎಂದು ಅವನಿಗೆ ತನ್ನ ಮೇಲೆಯೇ ಅಸಹ್ಯ ಹುಟ್ಟಿದ್ದು ಆಮೇಲೆ.

ಟ್ರಾಯ್‌ನ ಪ್ರಾಣ ಉಳಿಯಿತು, ಕಾಲುಗಳು ಉಳಿಯಲಿಲ್ಲ. ಗುದ್ದಿದ್ದರಿಂದಲೇ ಹೀಗಾಯಿತೋ, ಎತ್ತಿದ್ದರಿಂದಲೋ ಹೇಳಲಾಗದು ಎಂದ ಡಾಕ್ಟರು. ಲೋವೆಲ್ ಜನಕ್ಕೆ ಅಂಥ ಅನುಮಾನವೇನೂ ಇರಲಿಲ್ಲ. ಕುಬೇನಾ ಮನೆಯ ಅಡುಗೆಮನೆ ಕಿಟಕಿಗೆ ಕಲ್ಲು ಬಿತ್ತು, ಗಾಜಿನ ಚೂರು ತಾಯಿಯ ಹುಬ್ಬು ಸೀಳಿತು. ಟಪಾಲು ಡಬ್ಬಿಯಲ್ಲಿ ತಲೆ ಜಜ್ಜಿದ ಗಿಲಕಿ ಹಾವು ಸಿಕ್ಕಿತು. ಮಾರ್ವಿನ್ ಶಾಲೆಗೆ ಬರುವುದನ್ನೇ ಬಿಟ್ಟ.

ಹತ್ತನೆಯ ದಿನ ವೆರ್ಲಿನ್ ಆಸ್ಪತ್ರೆಗೆ ಹೋಗಿ ಟ್ರಾಯ್‌ನ ಅಪ್ಪ ಗಾರ್ಲಂಡ್‌ನ ಮುಂದೆ ನಿಂತ. ಗಾರ್ಲಂಡ್ ಬೋರ್‌ವೆಲ್ ಕೊರೆಯುವವನು, ಮುಂಗೈ ಒಂದೊಂದೂ ಬೇಲಿ ಗೂಟದಷ್ಟು ದಪ್ಪ.

“ಎತ್ತು ಅಂತ ಹೇಳಿದ್ದು ನಾನು. ಹುಡುಗ ಹಿಂದೆ ಸರಿದಿದ್ದ.”

ಗಾರ್ಲಂಡ್ ತಲೆಯಾಡಿಸಿದ. “ನಿನ್ನ ಹುಡುಗ ನಿನ್ನೆ ಬಂದಿದ್ದ ಕಣಯ್ಯ. ನನ್ನ ಬುದ್ಧೀಲಿ ನಾನೇ ಎತ್ತಿದೆ, ಯಾರೂ ಹೇಳ್ಲಿಲ್ಲ ಅಂದ. ಅವನ ಮುಖ ಕಂಡ್ರೆ ನನಗೆ ಕೊಂದುಬಿಡೋಣ ಅನ್ಸುತ್ತೆ. ನೀನು ಅವನ ತಪ್ಪು ಮೈಮೇಲೆ ಹಾಕ್ಕೊಳ್ಳೋಕೆ ಬಂದಿದೀಯ. ಒಳ್ಳೇ ಕೋಚ್ ನೀನು. ನನ್ನ ಮಗನಿಗೂ ನಿನ್ನಂಥೋನು ಸಿಗಬೇಕಿತ್ತು.” ಹೀಗೆಂದು ವೆರ್ಲಿನ್‌ನ ಕೈ ಹಿಡಿದು ಕುಲುಕಿದ.

ಎಷ್ಟೋ ಏಟು ತಿಂದ ಮೈ ಅದು. ಆ ಕೈಕುಲುಕಿನಷ್ಟು ಯಾವುದೂ ನೋಯಿಸಿರಲಿಲ್ಲ. ತಾನು ಸುಮ್ಮನಿದ್ದರೆ ಮಾರ್ವಿನ್ ಸಾಯುವ ತನಕ ಕೊಲೆಗಡುಕನಾಗಿಯೇ ಬದುಕಬೇಕು ಎಂಬುದು ಅವನಿಗೆ ಆಸ್ಪತ್ರೆಯ ಆ ಪಡಸಾಲೆಯಲ್ಲೇ ಖಚಿತವಾಯಿತು.

ಶನಿವಾರ ಬೆಳಿಗ್ಗೆ ಹುಡುಗರನ್ನು ಕೂರಿಸಿ ಹಿಂದಿನ ದಿನದ ಆಟದ ವಿಡಿಯೊ ಕ್ಯಾಸೆಟ್ ತೋರಿಸುವುದು ಅಲ್ಲಿಯ ಎಲ್ಲ ಶಾಲೆಗಳಲ್ಲೂ ಇರುವ ಪದ್ಧತಿ. ಲೋವೆಲ್ ಪಂದ್ಯದ ಕ್ಯಾಸೆಟ್ಟನ್ನು ವೆರ್ಲಿನ್ ಯಾರಿಗೂ ತೋರಿಸದೆ ಬೀರುವಿಗೆ ಹಾಕಿಟ್ಟಿದ್ದ. ಆ ಶನಿವಾರ ಅದನ್ನು ತೆಗೆದ. ತಂಡವನ್ನೆಲ್ಲ ತರಗತಿಗೆ ಕರೆದ, ಮಾರ್ವಿನ್‌ನನ್ನೂ ತಾಯಿಯನ್ನೂ ತಾನೇ ಹೋಗಿ ಕರೆತಂದ. ಗಾರ್ಲಂಡ್‌ಗೆ ಫೋನು ಮಾಡಿ ಬರಹೇಳಿದ.

ಟಿ.ವಿ.ಯಲ್ಲಿ ಸದ್ದಿರಲಿಲ್ಲ. ಟ್ರಾಯ್ ನುಗ್ಗಿದ, ಬಿದ್ದ. ಮಾರ್ವಿನ್ ಕೈ ಹಿಂದಕ್ಕೆಳೆದುಕೊಂಡ. ಚಿತ್ರದ ಅಂಚಿನಲ್ಲಿ ಟೋಪಿ ಹಾಕಿದವನೊಬ್ಬ ಓಡಿ ಬಂದು ಎರಡೂ ಕೈ ಮೇಲೆತ್ತಿದ, ಮತ್ತೆ ಎತ್ತಿದ, ಮತ್ತೆ ಎತ್ತಿದ. ಆಮೇಲಷ್ಟೇ ಮಾರ್ವಿನ್ ಬಗ್ಗಿದ್ದು. ವೆರ್ಲಿನ್ ಅಲ್ಲಿಗೆ ನಿಲ್ಲಿಸಿದ.

“ಆ ಟೋಪಿಯವನು ನಾನು,” ಎಂದ.

ಗಾರ್ಲಂಡ್ ಕುರ್ಚಿ ಒದ್ದು ಎದ್ದು ಬಂದ. ಮೊದಲ ಏಟಿಗೆ ವೆರ್ಲಿನ್‌ನ ದವಡೆ ಲಟಕ್ಕೆಂದಿತು. ಎರಡನೆಯದಕ್ಕೆ ಕರಿಹಲಗೆಗೆ ಹೋಗಿ ಬಡಿದ. ಅವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ಇದ್ದ. ಹುಡುಗರು ದಡಬಡನೆ ಎದ್ದರು.

“ಕೂತ್ಕೊಳ್ರೋ!” ಎಂದ ವೆರ್ಲಿನ್, ಬಾಯಿತುಂಬ ರಕ್ತ. “ಒಬ್ಬನೂ ಅಲ್ಲಾಡಬೇಡಿ.”

ಮೂರನೆಯ ಏಟಿಗೆ ಎತ್ತಿದ ಕೈ ಹಾಗೇ ಇಳಿಯಿತು. ಗಾರ್ಲಂಡ್ ಮೇಜಿನ ಮೇಲೆ ಕುಸಿದು ಕೂತು ಮುಖ ಮುಚ್ಚಿಕೊಂಡ. ಆಮೇಲೆ ತಲೆಯೆತ್ತಿ ಮಾರ್ವಿನ್‌ನನ್ನೇ ಕೇಳಿದ: “ಯಾಕೋ ಸುಳ್ಳು ಹೇಳಿದೆ ನನಗೆ?”

ಮಾರ್ವಿನ್ ತಾಯಿಯ ಹುಬ್ಬಿನ ಹೊಲಿಗೆ ನೋಡಿದ, ಆಮೇಲೆ ಕೋಚ್‌ನನ್ನು ನೋಡಿದ.

“ಟ್ರಾಯ್ ಬಿದ್ದಲ್ಲೇ ನನಗೆ ಹೇಳಿದ್ದ ಸರ್. ಮುಟ್ಟಬೇಡ ಕಣೋ, ಕಾಲು ಗೊತ್ತಾಗ್ತಿಲ್ಲ ಅಂದಿದ್ದ. ಇಬ್ಬರ ಮಾತೂ ಕೇಳಿಸ್ತು ನನಗೆ. ನಾನು ಕೋಚ್ ಮಾತು ಕೇಳ್ದೆ.”