ಅರ್ಧ ಕನ್ನಡ, ಅರ್ಧ ಮರಾಠಿಯ ನಿಧಿ ಚೀಟಿಗಳು

ಭಾಲ್ಕಿಯ ಪ್ರಮಿಲಾಬಾಯಿ ಮೂವತ್ತು ವರ್ಷ ಅಂಗನವಾಡಿ ನಡೆಸಿದವರು. ಊರವರ ಅಳುವ ಮಕ್ಕಳನ್ನೆಲ್ಲ ಸುಮ್ಮನಾಗಿಸಿದ ಅವರಿಗೆ ಸ್ವಂತ ಮೊಮ್ಮಕ್ಕಳು ಮಾತ್ರ ಬಗ್ಗಲಿಲ್ಲ. ಬೇಸಿಗೆ ರಜೆಗೆ ಮಹಾರಾಷ್ಟ್ರದ ಉದಗೀರದಿಂದ ಬಂದ ಮಗಳ ಮಗಳು ಸಾನಿಕಾ, ಮನೆಯಲ್ಲೇ ಬೆಳೆದ ಮಗನ ಮಗ ವಿನೀತ, ಇಬ್ಬರೂ ಮೂರೇ ದಿನಕ್ಕೆ ಹಾವು ಮುಂಗುಸಿಯಾದರು. ಕೂಲರಿನ ಮುಂದೆ ಯಾರು ಮಲಗಬೇಕೆಂಬ ಜಗಳ ಮಾತು ಬಿಡುವ ತನಕ ಬಂತು. ನಾಲ್ಕನೆಯ ದಿನ ಸಾನಿಕಾ ಅಪ್ಪನಿಗೆ ಫೋನು ಹಚ್ಚಿ ಅತ್ತಳು. ಸಂಜೆ ಬಂದು ಕರೆದೊಯ್ಯುವುದಾಗಿ ಅಳಿಯ ಹೇಳಿದ.

ಪ್ರಮಿಲಾಬಾಯಿಗೆ ಸಂಕಟವಾಯಿತು. ವರ್ಷಕ್ಕೊಮ್ಮೆ ಬರುವ ಹುಡುಗಿ. ಹೀಗೆ ಮುನಿಸಿಕೊಂಡು ಹೋದರೆ ಮತ್ತೆ ಈ ಹೊಸ್ತಿಲು ತುಳಿಯುವುದೇ ಅನುಮಾನ. ಅಂಗನವಾಡಿಯಲ್ಲಿ ಚಿತ್ರದ ಚೀಟಿಗಳನ್ನಿಟ್ಟು ಆಡಿಸುತ್ತಿದ್ದ ನಿಧಿ ಹುಡುಕುವ ಆಟ ಆಗ ನೆನಪಾಯಿತು. ಇಬ್ಬರನ್ನೂ ಒಟ್ಟಿಗೆ ಬಿಟ್ಟರೆ ಜುಟ್ಟು ಹಿಡಿಯುತ್ತಾರೆಂದು ಬೇರೆ ಬೇರೆ ಆಟವನ್ನೇ ಕಟ್ಟಿದರು. ಮೂರನೆಯ ಇಯತ್ತೆ ಮುಗಿಸಿದ ವಿನೀತನಿಗೆ ಕನ್ನಡವಷ್ಟೇ ಓದಲು ಬರುತ್ತಿತ್ತು, ಸಾನಿಕಾಗೆ ಮರಾಠಿಯಷ್ಟೇ. ಅವನಿಗೆ ಕನ್ನಡದ ಐದು ಚೀಟಿ, ಇವಳಿಗೆ ಮರಾಠಿಯ ಐದು; ಪ್ರತಿ ಚೀಟಿಯಲ್ಲೂ ಮುಂದಿನದರ ಜಾಗದ ಸುಳಿವು. ಮಧ್ಯಾಹ್ನ ಎಲ್ಲರೂ ಮಲಗಿದಾಗ ಗಡಿಬಿಡಿಯಲ್ಲಿ ಬರೆದು ಜೋಳದ ಡಬ್ಬಿಯಲ್ಲಿ, ಹೊಲಿಗೆ ಮಿಷನ್ನಿನ ಕೆಳಗೆ, ಹಾಸಿಗೆಗಳ ಸಂದಿಯಲ್ಲಿ ಇಟ್ಟರು. ಕೊನೆಯಲ್ಲಿ ತಲಾ ಒಂದು ಬಣ್ಣದ ಪೆನ್ಸಿಲ್ ಡಬ್ಬಿ.

ಎದ್ದ ಮಕ್ಕಳ ಕೈಗೆ ಮೊದಲ ಚೀಟಿ ಕೊಟ್ಟು ಕೂತರು. ಹುಡುಗರು ಕದಲಲಿಲ್ಲ.

"ಆಜಿ, ಇದೇನ ಬರ್ದೀರಿ? ಅರ್ಧಾ ತಿಳೀತದ, ಅರ್ಧಾ ತಿಳೀವಲ್ದು," ಎಂದ ವಿನೀತ.

"ನಂದೂ ಅರ್ಧಾನೇ ಅದ," ಎಂದಳು ಸಾನಿಕಾ.

ಪ್ರಮಿಲಾಬಾಯಿ ಕನ್ನಡಕ ಏರಿಸಿ ನೋಡಿ ಹಣೆ ಬಡಿದುಕೊಂಡರು. ಠಾಣಾ ಕುಶನೂರಿನ ಶಾಲೆಯಲ್ಲಿ ಮರಾಠಿ ಕಲಿತು, ನೌಕರಿಗಾಗಿ ಕನ್ನಡ ಕಲಿತ ಕೈ ಅದು. ಬಾಯಿಯಂತೆ ಕೈಯೂ ಒಂದು ಭಾಷೆಯಲ್ಲಿ ಹೊರಟು ಇನ್ನೊಂದರಲ್ಲಿ ಇಳಿದಿತ್ತು. ಹತ್ತೂ ಚೀಟಿಗಳ ಹಣೆಬರಹ ಅದೇ.

"ಕೊಡ್ರಿ ಇಲ್ಲಿ, ನಾ ಓದಿ ಹೇಳ್ತೇನಿ," ಎಂದು ಕೈ ಚಾಚಿದರು. ಸಾನಿಕಾ ಅವರಿಗೆ ಕೊಡದೆ ತನ್ನ ಚೀಟಿಯನ್ನು ವಿನೀತನತ್ತ ನೂಕಿದಳು. "ಮೊದಲ ನಂದು ಓದು."

"ನಿಂದು ಓದಿದ್ರ ನೀ ಮುಂದ ಹೋಗ್ತಿ. ನಂದು ಓದು ಮೊದಲ."

ಒಂದು ನಿಂದು, ಒಂದು ನಂದು ಎಂದು ಚೌಕಾಸಿಯಾಯಿತು. ಆಮೇಲೆ ಮನೆ ಮನೆಯಾಗಿ ಉಳಿಯಲಿಲ್ಲ. ಜೋಳ ಚೆಲ್ಲಿತು, ಹಾಸಿಗೆಗಳು ಉರುಳಿದವು. ಒಬ್ಬ ಅರ್ಧ ಕೂಗಿದರೆ ಇನ್ನೊಬ್ಬಳು ಉಳಿದರ್ಧ ಕೂಗುತ್ತಿದ್ದಳು. ಪ್ರಮಿಲಾಬಾಯಿ ಕಸಬರಿಗೆ ಹಿಡಿದು ಕೂತೇ ಇದ್ದರು. ಬೈಯಲು ಮನಸ್ಸೇ ಬರಲಿಲ್ಲ. ಅಷ್ಟು ಹಿಗ್ಗಿದ್ದರು.

ಸಂಜೆ ಅಳಿಯ ಬಂದ. ಸಾನಿಕಾ ಮೈತುಂಬ ಜೋಳದ ಧೂಳಿನಲ್ಲೇ ಬಾಗಿಲಿಗೆ ಬಂದಳು.

"ಪಪ್ಪಾ, ನೀವ ಹೋಗ್ರಿ. ನಾಳಿ ನಾವಿಬ್ರೂ ಆಜಿಗಿ ಚೀಟಿ ಬರದು ಮುಚ್ಚಿಡೋರಿದ್ದೀವಿ."

ಬಂದ ಅಳಿಯನನ್ನು ಒಂದು ದಿನವಾದರೂ ಇರಿ ಎಂದು ದುಂಬಾಲು ಬೀಳದೆ ಪ್ರಮಿಲಾಬಾಯಿ ಎಂದೂ ಕಳಿಸಿದವರಲ್ಲ. ಅಂದು ಮಾತ್ರ ಚಹಾದ ಕಪ್ಪು ಕೈಗಿಟ್ಟು, "ಲಗೂನ ಕುಡೀರಿ, ಉದಗೀರ ಬಸ್ ಬರೋ ಹೊತ್ತಾತು," ಎಂದರು.